ಬರೆಯದೆ ಬಿಟ್ಟ ಪುಟ

"ನನ್ನ ಅಮ್ಮನ್ನ ಅಮ್ಮ ಅಂತ ಕರೀಬಾರ್ದು ಅಂತ ರೇಡಿಯೋದಲ್ಲಿ ಹೇಳಿದ್ದು ನೀವೇನಾ?"

ಲಿಯೊನೋರ್ ಬೆಚ್ಚಿ ತಲೆಯೆತ್ತಿದಳು. ಕನ್ನಡಕದಂಗಡಿಯ ಗಾಜಿನ ಮೇಜಿನಾಚೆ ಎತ್ತರದ ಗಂಡಸೊಬ್ಬ ನಿಂತಿದ್ದ. ಕಿವಿಯ ತುದಿಯವರೆಗೂ ಕೆಂಪೇರಿತ್ತು.

"ಕ್ಷಮಿಸಿ... ನೀವು ಯಾರು?"

"ಎಬೆರ್ ಲರಾಲ್ದೆ. ‘ಒಂಬತ್ತನೇ ಚಳಿಗಾಲ’ ಬರೆದೋನು."

ಅಯ್ಯೋ ದೇವರೇ!

ಹಿಂದಿನ ಶನಿವಾರವಷ್ಟೇ ಅವಳು ಆ ಪುಸ್ತಕದ ಬಗ್ಗೆ ಮಾತಾಡಿದ್ದಳು. ತಕ್ವರೆಂಬೊ ಊರಿನ ಹುಡುಗನ ಬಾಲ್ಯದ ಕಥೆ. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ಬೆಳಗಿನ ಆರೂವರೆ ಬಸ್ಸು ಹತ್ತಿ ಹೋದವಳು ಮತ್ತೆ ಬರಲೇ ಇಲ್ಲ. ಓದುತ್ತಾ ಲಿಯೊನೋರ್ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಮೈಕಿನ ಮುಂದೆಯೂ ಆ ಬಿಸಿ ಆರಿರಲಿಲ್ಲ. "ಮಗನನ್ನು ಬಿಟ್ಟುಹೋಗಿ ಒಮ್ಮೆಯೂ ತಿರುಗಿ ನೋಡದವಳನ್ನು ತಾಯಿ ಎಂದು ಕರೆಯಬಾರದು" ಎಂದುಬಿಟ್ಟಿದ್ದಳು.

"ನಾನು ನಿಮ್ಮ ಪುಸ್ತಕವನ್ನ ಹೊಗಳಿದೆ!"

"ಕೇಳಿಸ್ಕೊಂಡೆ."

"ಮತ್ತೆ ಸಿಟ್ಟು ಯಾಕೆ? ನೀವು ಬರೆದಿದ್ದನ್ನೇ ತಾನೇ ನಾನು ಹೇಳಿದ್ದು?"

"ನಾನು ಬರೆದ್ರೆ ಅವಳು ನನ್ನಮ್ಮ. ನೀವು ಹೇಳಿದ್ರೆ ಊರೋರ ಬಾಯಿಗೆ ಬಿದ್ದ ಹೆಂಗಸು!"

"ಹಾಗಿದ್ರೆ ಅಚ್ಚು ಯಾಕೆ ಹಾಕಿಸಿದ್ರಿ?"

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಕನ್ನಡಕದ ಒಂದು ಕಡ್ಡಿ ಸಡಿಲವಾಗಿ ಜೋತಾಡುತ್ತಿತ್ತು. ಲಿಯೊನೋರ್ ಕೇಳದೆಯೇ ಅದನ್ನು ತೆಗೆದುಕೊಂಡು ಸ್ಕ್ರೂ ಬಿಗಿ ಮಾಡಿ ಅವನ ಕೈಗಿಟ್ಟಳು.

"ಸರಿಯಾಯ್ತು. ಇನ್ನು ಹೊರಡಿ."

ಅವನು ಹೋದ. ಸೋಮವಾರ ಮತ್ತೆ ಬಂದ!

"ಮತ್ತೆ ಸಡಿಲ ಆಗಿದೆ."

"ನೀವೇ ಸಡಿಲ ಮಾಡ್ಕೊಂಡ್ರಾ?"

"...ಹೂಂ."

ಅವಳಿಗೆ ನಗು ತಡೆಯಲಾಗಲಿಲ್ಲ.

ಲಿಯೊನೋರ್ ಬಿದೆಗಾಯಿನ್‌ಗೆ ಆಗ ಮೂವತ್ತೆಂಟು. ವಾರವೆಲ್ಲ ಪಾಯ್ಸಂದು ಊರಿನ ಆ ಕನ್ನಡಕದಂಗಡಿಯಲ್ಲಿ ಕೆಲಸ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾತ್ರ ಊರಿನ ರೇಡಿಯೋದಲ್ಲಿ ಇಪ್ಪತ್ತು ನಿಮಿಷ ಹೊಸ ಪುಸ್ತಕಗಳ ಮಾತು. ಆ ಇಪ್ಪತ್ತು ನಿಮಿಷಕ್ಕಾಗಿ ಅವಳು ವಾರವಿಡೀ ಬದುಕುತ್ತಿದ್ದಳು ಅಂದರೂ ತಪ್ಪಿಲ್ಲ.

ಅವಳ ಕೈಗೆ ಹೆಚ್ಚಾಗಿ ಬರುತ್ತಿದ್ದದ್ದು ಎರಡೇ ಬಗೆಯ ಪುಸ್ತಕ. ಒಂದು, ಹರಿದ ರಕ್ತ ಕಣ್ಣಿಗೆ ಬೀಳದ ಪುಟ್ಟ ಊರಿನ ಪತ್ತೇದಾರಿ ಕಥೆಗಳು. ಅಲ್ಲಿ ಒಬ್ಬಳು ಬೇಕರಿಯವಳು, ಒಬ್ಬ ನಿವೃತ್ತ ಪೋಸ್ಟ್‌ ಮಾಸ್ತರು, ಸೋಫಾದ ಮೇಲೊಂದು ಬೆಕ್ಕು, ತೋಟದಲ್ಲೊಂದು ಹೆಣ. ಇನ್ನೊಂದು, ಬೆಳೆದು ದೊಡ್ಡವರಾದವರು ಬರೆದ ಬಾಲ್ಯದ ನೆನಪುಗಳು. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನುತ್ತಿದ್ದಳು. ಇಲ್ಲದಿದ್ದರೆ, "ಈ ಕಾದಂಬರಿಯಲ್ಲಿ ಕೇಕಿನ ವರ್ಣನೆ ಹನ್ನೆರಡು ಪುಟ, ಕೊಲೆಗೆ ಕಾರಣ ಅರ್ಧ ಸಾಲು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು.

ಪ್ರತಿ ವಾರ ತಪ್ಪದೆ ಫೋನ್ ಮಾಡುತ್ತಿದ್ದವಳು ದೋನ್ಯ ಎಲಿದ; ‘ದೋನ್ಯ’ ಅನ್ನುವುದು ಊರವರು ಗೌರವಕ್ಕೆ ಸೇರಿಸುವ ಮಾತು. ಬಟ್ಟೆ ಹೊಲಿದು ಬದುಕುವ, ಅರವತ್ತಾರರ ಒಂಟಿ ಹೆಂಗಸು. ಲಿಯೊನೋರ್‌ಳ ಅಂಗಡಿಗೇ ಕನ್ನಡಕಕ್ಕೆ ಬರುತ್ತಿದ್ದಳು.

"ಹುಡುಗಿ, ಬೇಕರಿಯವಳು ಕೊಂದಿಲ್ಲ. ಅಷ್ಟು ಬೇಗ ಅಷ್ಟೊಂದು ಅಳೋಳಿಗೆ ಕೊಲ್ಲೋ ಧೈರ್ಯ ಎಲ್ಲಿ? ಕೊಂದೋನು ಆ ಹಲ್ಲಿನ ಡಾಕ್ಟ್ರು, ಬರ್ಕೋ!"

ಅವಳ ಊಹೆ ಯಾವತ್ತೂ ತಪ್ಪುತ್ತಿರಲಿಲ್ಲ.

"ಬಾಲ್ಯದ ಪುಸ್ತಕ ಯಾಕೆ ಓದಲ್ಲ ದೋನ್ಯ ಎಲಿದ?"

"ಅದ್ರಲ್ಲಿ ಮಾತಾಡೋನು ಒಬ್ಬನೇ ಕಣೆ. ಉಳಿದೋರನ್ನ ವಿಚಾರಿಸೋರೇ ಇಲ್ಲ."

ಆದರೆ ‘ಒಂಬತ್ತನೇ ಚಳಿಗಾಲ’ದ ಮಾತು ಬಂದ ಶನಿವಾರದ ನಂತರ ದೋನ್ಯ ಎಲಿದಳ ಫೋನ್ ಬರಲೇ ಇಲ್ಲ. ಲಿಯೊನೋರ್‌ಗೆ ಬೇಸರವಾಯಿತು. ಆದರೂ... ಆ ದಿನಗಳಲ್ಲಿ ಅವಳ ಮನಸ್ಸು ಬೇರೆಲ್ಲೋ ಇತ್ತು.

ಎಬೆರ್‌ನಿಗೆ ನಲವತ್ತನಾಲ್ಕು. ಆ ವರ್ಷವಷ್ಟೇ ಅಲ್ಲಿನ ಪ್ರೌಢಶಾಲೆಗೆ ಇತಿಹಾಸದ ಮೇಷ್ಟ್ರಾಗಿ ಬಂದಿದ್ದ. ಭಾನುವಾರ ಇಬ್ಬರೂ ನದಿಯ ದಂಡೆಯಲ್ಲಿ ಕೂರುತ್ತಿದ್ದರು. ಅಲ್ಲಿಯವರು ಚಹಾದಂತೆ ಕುಡಿಯುವ ಸೊಪ್ಪನ್ನು ಸೋರೆಬುರುಡೆಗೆ ತುಂಬಿ ಅವನು ಬಿಸಿನೀರು ಹುಯ್ದು ಕೊಟ್ಟರೆ, ಅವಳು ಕಹಿ ಹೀರಿ ಬುರುಡೆಯನ್ನು ತಿರುಗಿ ಅವನ ಕೈಗೆ ಕೊಡುವಳು. ಕರಿದ ರೊಟ್ಟಿಯ ಎಣ್ಣೆ ಕಾಗದಕ್ಕೆ ಅಂಟುವುದು. ಎದುರಿಗೆ ಅರ್ಜೆಂಟೀನಾದ ದಡ.

"ನಿನ್ನ ಪತ್ತೇದಾರಿಗಳೆಲ್ಲ ಸುಳ್ಳು ಲಿಯೊ. ಬದುಕಲ್ಲಿ ಯಾರೂ ಹಂಗೆ ಎಲ್ಲರ ಮುಂದೆ ಕೂತು ತಪ್ಪೊಪ್ಕೊಳ್ಳಲ್ಲ."

"ಅದಕ್ಕೇ ಓದೋದು," ಅಂದಳು ಅವಳು.

ಅವನು ನಕ್ಕ. ಆ ನಗುವಿನಲ್ಲಿ ಏನೋ ತೊಡಕು ಕಂಡಂತಾಯಿತು. ಪಾಪ, ತಾಯಿಯಿಲ್ಲದೆ ಬೆಳೆದವನು... ಅಂದುಕೊಂಡಳು. ಅವನ ಮೇಲೆ ಇನ್ನಷ್ಟು ಪ್ರೀತಿ ಉಕ್ಕಿತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅವನು ಅವಳ ಕೈ ಹಿಡಿದ.

"ನನ್ನ ಮನೆಗೆ ಬಂದುಬಿಡು ಲಿಯೊ. ಇನ್ನು ಒಬ್ಬನೇ ಇರೋಕಾಗಲ್ಲ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಮುಂದಿನ ಭಾನುವಾರ ಹೇಳ್ತೀನಿ" ಅಂದಳು. ಉತ್ತರ ಆಗಲೇ ಗಂಟಲಿಗೆ ಬಂದಾಗಿತ್ತು. ಆದರೂ ಆ ಒಂದು ವಾರದ ಸುಖ ಅವಳಿಗೆ ಬೇಕಿತ್ತು.

ಆ ಸುಖ ಉಳಿದದ್ದು ಗುರುವಾರದವರೆಗಷ್ಟೇ.

ಅಂಗಡಿಯ ಖಾನೆಯಲ್ಲಿ ದೋನ್ಯ ಎಲಿದಳ ಹೊಸ ಕನ್ನಡಕ ತಿಂಗಳುಗಳಿಂದ ಹಾಗೇ ಕೂತಿತ್ತು. ಹುಷಾರಿಲ್ಲವೋ ಏನೋ... ಲಕೋಟೆಯ ಮೇಲಿನ ವಿಳಾಸ ನೋಡಿಕೊಂಡು ಲಿಯೊನೋರ್ ತಾನೇ ಹೊರಟಳು. ಪೋಸ್ಟಾಫೀಸಿನ ಹಿಂದಿನ ಬೀದಿ, ಬಾಗಿಲ ಮೇಲೆ ಹೊಲಿಗೆಯ ಬೋರ್ಡು.

"ಓ, ನೀನಾ?" ಅಂದಳು ದೋನ್ಯ ಎಲಿದ. ದನಿಯಲ್ಲಿ ಹಳೆಯ ಸಲಿಗೆ ಇರಲಿಲ್ಲ. ಆದರೂ ಒಳಗೆ ಕರೆದಳು.

ಹೊಲಿಗೆ ಯಂತ್ರದ ಪಕ್ಕ ಒಂದು ಭೂತಗನ್ನಡಿ. ಅದರ ಕೆಳಗೆ... ‘ಒಂಬತ್ತನೇ ಚಳಿಗಾಲ’!

"ಬಾಲ್ಯದ ಪುಸ್ತಕ ಓದಲ್ಲ ಅಂತಿದ್ರಿ?"

"ಇದೊಂದು ಓದಲೇಬೇಕಾಯ್ತು."

ಲಿಯೊನೋರ್ ಪುಟ ತಿರುಗಿಸಿದಳು. ಅಂಚಿನ ತುಂಬ ಪೆನ್ಸಿಲ್ ಬರಹ. ‘ಕೆಂಪು ಕೋಟು ನನ್ನ ಹತ್ರ ಇರಲೇ ಇಲ್ಲ.’ ‘ಬಸ್ಸು ಸಾಯಂಕಾಲ ನಾಲ್ಕು ಗಂಟೇದು. ಬೆಳಿಗ್ಗೆ ಆರೂವರೆಗೆ ನಾನು ಆಸ್ಪತ್ರೇಲಿದ್ದೆ.’ ಇನ್ನೂ ಮುಂದೆ, ‘ಅವಳು ಒಮ್ಮೆಯೂ ಬರಲಿಲ್ಲ’ ಎಂಬ ಸಾಲಿನ ಪಕ್ಕ ಏನೂ ಬರೆದಿರಲಿಲ್ಲ. ಪೆನ್ಸಿಲ್ ಒತ್ತಿ ಒತ್ತಿ ಕಾಗದ ಹರಿದಿತ್ತು.

ಲಿಯೊನೋರ್ ಮತ್ತೆ ಮೊದಲ ಪುಟಕ್ಕೆ ತಿರುಗಿದಳು. ಪುಸ್ತಕದಲ್ಲಿ ಆ ತಾಯಿಗೆ ಹೆಸರೇ ಇರಲಿಲ್ಲ...

"ದೋನ್ಯ ಎಲಿದ... ನೀವು..."

"ಇಷ್ಟೊಂದು ಪತ್ತೇದಾರಿ ಓದಿಯೂ ಇಷ್ಟು ಹೊತ್ತು ಬೇಕಾಯ್ತಾ ನಿಂಗೆ?"

ಅವಳು ಅಳಲಿಲ್ಲ. ಬೇರೆ ಯಾರದೋ ಬಟ್ಟೆಯ ಅಳತೆ ಹೇಳುವಂತೆ ಹೇಳಿದಳು. ಗಂಡ ಲಾರಿಯ ಸ್ಪ್ಯಾನರಿನಿಂದ ದವಡೆ ಮುರಿದಿದ್ದ. ಆಸ್ಪತ್ರೆಯಿಂದ ನೇರ ಪಾಯ್ಸಂದುವಿನಲ್ಲಿದ್ದ ಅಕ್ಕನ ಮನೆಗೆ ಬಂದಿದ್ದಳು. ದವಡೆಯ ತಂತಿ ಬಿಚ್ಚಿದ ವಾರವೇ ಮಗನನ್ನು ಕರೆತರಲು ಹೋದಳು.

"ಅವರಪ್ಪ ಇರ್ಲಿಲ್ಲ. ಮಗು ಒಳಗಿತ್ತು. ಚಿಲಕ ತೆಗಿ ಕಂದಾ ಅಂದೆ. ಕಿಟಕೀಲಿ ನನ್ನ ನೋಡ್ತು. ‘ನೀನು ಕೆಟ್ಟೋಳಂತೆ, ಅಪ್ಪ ಹೇಳಿದ್ದಾನೆ. ಹೋಗು’ ಅಂತು. ಬೇಸಿಗೇಲಿ ಮತ್ತೆ ಹೋದೆ. ಆಗ್ಲೂ ಅದೇ ಮಾತು."

"ಕೋರ್ಟಿಗೆ ಹೋಗ್ಬೋದಿತ್ತಲ್ವಾ?"

"ನನ್ನ ಗಂಡನ ಅಣ್ಣ ಅಲ್ಲೇ ಪೊಲೀಸ್ನೋನು ಕಣೆ ಹುಡುಗಿ."

ಲಿಯೊನೋರ್ ಪುಸ್ತಕ ಮುಚ್ಚಿಟ್ಟಳು. "ಅವನು ಇದೇ ಊರಲ್ಲಿದ್ದಾನೆ. ಅವನು ಮತ್ತು ನಾನು..."

"ಗೊತ್ತು. ನದಿ ಹತ್ರ ನೋಡಿದೀನಿ." ದೋನ್ಯ ಎಲಿದ ಹೊಸ ಕನ್ನಡಕ ಹಾಕಿಕೊಂಡು ಕಿಟಕಿಯಾಚೆ ನೋಡಿದಳು. "ನಾನೆಲ್ಲಿದೀನಿ ಅಂತ ಅವನಿಗೆ ಹೇಳ್ಬೇಡ. ನನ್ನ ಬಗ್ಗೆ ನೀನು ಊರಿಗೆಲ್ಲ ಹೇಳಿದ್ದೇ ಸಾಕು."

ಕೆನ್ನೆಗೆ ಬಾರಿಸಿದಂತಾಯಿತು. ದಾರಿಯುದ್ದಕ್ಕೂ ಅವಳ ಕಣ್ಣಿಗೆ ಏನೂ ಕಾಣಲಿಲ್ಲ.

ಭಾನುವಾರ ಎಬೆರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದಿದ್ದ. ಅವಳು ಕೂರಲೂ ಇಲ್ಲ.

"ಒಂದು ಮಾತು ಕೇಳ್ತೀನಿ. ನಿನ್ನಮ್ಮ ತಿರುಗಿ ಬಂದಿದ್ರಾ?"

ಬುರುಡೆಗೆ ನೀರು ಹುಯ್ಯುತ್ತಿದ್ದ ಅವನ ಕೈ ನಿಂತಿತು.

"ಯಾರು... ಯಾರು ಹೇಳಿದ್ದು?"

ಅಷ್ಟೇ ಸಾಕಾಯಿತು! ಇಲ್ಲ ಅನ್ನಲಿ, ಇಲ್ಲ ಅನ್ನಲಿ ಎಂದು ಅವಳು ಮೂರು ದಿನದಿಂದ ಬೇಡಿಕೊಂಡಿದ್ದಳು.

"ನಂಗೆ ಆಗ ಒಂಬತ್ತು ವರ್ಷ ಲಿಯೊ!"

"ಬರೆಯುವಾಗ ನಲವತ್ತು ದಾಟಿತ್ತು."

"ಬರೆದಿದ್ದೆ! ಆ ಪುಟ ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದು ಹಾಕಿದೆ. ಆ ಪುಟ ಇದ್ರೆ ಓದೋರು ಯಾರಿಗೋಸ್ಕರ ಅಳ್ತಾರೆ ಹೇಳು? ನನಗೋಸ್ಕರ ಅಂತೂ ಅಲ್ಲ..." ಥಟ್ಟನೆ ಅವನ ಮುಖ ಗಡುಸಾಯಿತು. "ಎಷ್ಟು ದಿನದಿಂದ ನಡೀತಿದೆ ಈ ತನಿಖೆ? ಅದಕ್ಕೇನಾ ನನ್ನ ಜೊತೆ ಓಡಾಡಿದ್ದು? ಶನಿವಾರ ಮೈಕ್ ಮುಂದೆ ಕೂತು ಕೊಲೆಗಾರನ ಹೆಸರು ಹೇಳ್ತೀಯಾ?"

ಇವನು ಇಷ್ಟೇನಾ ನನ್ನ ಅರ್ಥ ಮಾಡಿಕೊಂಡಿದ್ದು?

"ನಿನ್ನ ನಂಬಿ ಒಬ್ಬ ಹೆಂಗಸಿನ ಮೇಲೆ ಕಲ್ಲು ಹೊಡೆದೆ ಎಬೆರ್. ನೀನು ಅಂಗಡಿಗೆ ಬಂದು ಕೂಗಾಡಿದ್ದು ಅವಳಿಗಾಗಿ ಅಂದ್ಕೊಂಡಿದ್ದೆ. ನಿನ್ನ ಸುಳ್ಳು ನನ್ನ ಬಾಯಲ್ಲಿ ಕೇಳಿ ನಿಂಗೆ ಭಯ ಆಗಿತ್ತು. ಅಷ್ಟೇ."

ಅವಳು ತಿರುಗಿ ನಡೆದಳು.

ಆ ವಾರ ಪೂರ್ತಿ ಅವಳು ಒಂದು ಪುಟವನ್ನೂ ಓದಲಾರದೆ ಹೋದಳು. ಶನಿವಾರ ಮೈಕಿನ ಮುಂದೆ ಕೂತಾಗ ಕೈಯಲ್ಲಿದ್ದದ್ದು ಅರ್ಧ ಓದಿದ ಒಂದು ಪತ್ತೇದಾರಿ ಮಾತ್ರ. ಮಠದ ಅಡುಗೆಮನೆಯಲ್ಲಿ ನಡೆದ ಕೊಲೆಯ ಕಥೆ ಅದು.

"ಅದಕ್ಕೂ ಮುಂಚೆ ಒಂದು ಮಾತು," ಅಂದಳು. "ಮೂರು ತಿಂಗಳ ಹಿಂದೆ ಒಂದು ಬಾಲ್ಯದ ಪುಸ್ತಕ ಓದಿ, ಅದರಲ್ಲಿರೋ ತಾಯಿ ತಾಯಿಯೇ ಅಲ್ಲ ಅಂದಿದ್ದೆ. ನಾನು ಕೇಳಿದ್ದು ಒಬ್ಬರ ಮಾತು ಮಾತ್ರ. ಅವರ ಬಗ್ಗೆ ಹಾಗನ್ನೋಕೆ ನನಗೆ ಯಾವ ಹಕ್ಕೂ ಇರಲಿಲ್ಲ. ಅವರು ಕೇಳ್ತಾ ಇದ್ರೆ... ತಪ್ಪಾಯ್ತು."

ಎಬೆರ್‌ನ ಹೆಸರೆತ್ತಲಿಲ್ಲ. ಅವನ ಗುಟ್ಟೂ ಹೇಳಲಿಲ್ಲ.

ಕಾರ್ಯಕ್ರಮ ಮುಗಿಯಲು ಎರಡು ನಿಮಿಷವಿದ್ದಾಗ ಫೋನ್ ಬಂತು!

"ನಾನು ಎಲಿದ. ಕನ್ನಡಕ ಚೆನ್ನಾಗಿದೆ ಹುಡುಗಿ. ಮಠದಲ್ಲಿ ಕೊಂದೋಳು ಗಂಟೆ ಹೊಡಿಯೋಳು, ಅಡುಗೆಯವಳಲ್ಲ." ಹೊಲಿಗೆ ಯಂತ್ರ ಎರಡು ಸುತ್ತು ಓಡಿ ನಿಂತ ಸದ್ದಾಯಿತು. "ಆ ಪುಸ್ತಕ ಬರೆದೋನಿಗೆ ಹೇಳು. ಪೋಸ್ಟಾಫೀಸಿನ ಹಿಂದೆ, ಹೊಲಿಗೆ ಬೋರ್ಡಿರೋ ಮನೆ. ಮಂಗಳವಾರ ಮಧ್ಯಾಹ್ನ ಇರ್ತೀನಿ."

ಕೇಳುತ್ತಿದ್ದ ಊರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಲಿಯೊನೋರ್ ಮೈಕು ಬಿಟ್ಟು ಎದ್ದು ನಿಂತಳು. ತಂತ್ರಜ್ಞ ಗಾಬರಿಯಾಗಿ ಹಾಡು ಹಾಕಿಬಿಟ್ಟ.

ಬಾಡಿಗೆ ಮನೆಯಲ್ಲಿ ಒಬ್ಬನೇ ಕೂತು ಕೇಳುತ್ತಿದ್ದ ಎಬೆರ್ ಮೂವತ್ತೈದು ವರ್ಷಗಳ ನಂತರ ತಾಯಿಯ ದನಿ ಕೇಳಿದ್ದ.

ಮಂಗಳವಾರ ಅಂಗಡಿ ಮುಚ್ಚುವ ಹೊತ್ತಿಗೆ ಅವನು ಬಂದ. ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತ. ವಾರದಲ್ಲಿ ಹತ್ತು ವರ್ಷ ವಯಸ್ಸಾದವನಂತೆ ಕಂಡ.

ಅವಳು ಕೈಯಲ್ಲಿದ್ದ ಬಟ್ಟೆಯಿಂದ ಗಾಜು ಒರೆಸುತ್ತಲೇ ಇದ್ದಳು. ನಿಲ್ಲಿಸಿದರೆ ಅಳು ಬರುತ್ತಿತ್ತು.

"ಹೋಗಿದ್ದೆ."

"ಹೂಂ."

"‘ಬನ್ನಿ’ ಅಂದ್ಲು ಲಿಯೊ... ಬಾ ಅನ್ನಲಿಲ್ಲ. ‘ಬನ್ನಿ, ಕೂತ್ಕೊಳ್ಳಿ’ ಅಂದ್ಲು. ಕಾಫಿ ಮಾಡಿದ್ಲು. ಸಕ್ಕರೆ ಎಷ್ಟು ಹಾಕ್ಲಿ ಅಂತ ಕೇಳಿದ್ಲು..."

ಅವಳ ಕೈ ನಿಂತಿತು.

"ತಪ್ಪಾಯ್ತು ಅಂದೆ. ಚಿಲಕ ತೆಗೀಲಿಲ್ಲ, ತಪ್ಪಾಯ್ತು ಅಂದೆ."

"ಏನಂದ್ರು?"

"‘ಕಿಟಕೀಲಿ ನಿಂತಿದ್ದ ಆ ಮಗೂನ ನಾನು ಬಸ್ಸು ಹತ್ತೋಕೆ ಮುಂಚೇನೇ ಕ್ಷಮಿಸಿದೀನಿ. ಪುಸ್ತಕ ಬರೆದೋರ ವಿಷಯ ಗೊತ್ತಿಲ್ಲ’ ಅಂದ್ಲು."

ಹೊರಗೆ ಬೀದಿಯಲ್ಲಿ ಯಾರೋ ಅಂಗಡಿಯ ಷಟರ್ ಎಳೆದ ಸದ್ದಾಯಿತು.

"ಮತ್ತೆ ಬರ್ಲಾ ಅಂತ ಕೇಳಿದೆ. ‘ಬರೋದಾದ್ರೆ ಒಳ್ಳೆ ಪತ್ತೇದಾರಿ ತನ್ನಿ. ನಿಮ್ಮದು ಬೇಡ’ ಅಂದ್ಲು."

ಲಿಯೊನೋರ್‌ಗೆ ಅಳುವಿನ ನಡುವೆಯೇ ನಗು ಬಂತು. ಅವನಿಗೂ ಬಂತು, ಆದರೆ ತುಟಿಯಲ್ಲೇ ಸತ್ತಿತು.

"ಆ ಪುಟ ಬರೀತೀನಿ. ಮುಂದಿನ ಮುದ್ರಣದಲ್ಲಿ ಹಾಕ್ತೀನಿ. ಅವಳು ಓದಲ್ಲ, ಗೊತ್ತು. ಆದ್ರೂ..." ಅವನು ತಲೆಯೆತ್ತಿದ. "ನಿನ್ನನ್ನ ತನಿಖೆ ಮಾಡೋಳು ಅಂದೆ. ನನ್ನ ಗುಟ್ಟು ಊರಿಗೆ ಹೇಳಿ ಸೇಡು ತೀರಿಸ್ಕೋಬಹುದಿತ್ತು ನೀನು. ನಿನ್ನ ತಪ್ಪನ್ನಷ್ಟೇ ಹೇಳ್ಕೊಂಡೆ. ನಿನ್ನ ಪ್ರೀತಿಸ್ತೀನಿ ಲಿಯೊ. ಉತ್ತರ ಕೇಳೋ ಯೋಗ್ಯತೆ ನಂಗಿಲ್ಲ."

"ನಂಗಿನ್ನೂ ನಿನ್ನ ಮೇಲೆ ಸಿಟ್ಟು ಹೋಗಿಲ್ಲ."

"ಗೊತ್ತು."

"ಹೋಗುತ್ತೆ ಅನ್ನೋ ಭರವಸೇನೂ ಇಲ್ಲ."

"ಗೊತ್ತು."

"ಆದ್ರೂ ಒಂದೇ ಒಂದು ಭಾನುವಾರ ನಿನ್ನ ನೋಡದೆ..." ಅವಳು ಅಂಗಡಿಯ ದೀಪ ಆರಿಸಿ ಬೀಗದ ಕೈ ತೆಗೆದುಕೊಂಡಳು. "ಊಟ ಮಾಡಿದ್ಯಾ?"

"ಇಲ್ಲ."

"ಏಳು. ಬಾ."

ಅವನು ಏಳಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಇನ್ನೊಂದು ಸಲ ಹೇಳ್ತೀಯಾ?"

"ಏನು?"

"ಈಗ ಅಂದ್ಯಲ್ಲ... ಅದೇ."

ಲಿಯೊನೋರ್ ಮೇಜು ಬಳಸಿ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು.

"ಬಾ ಎಬೆರ್," ಅಂದಳು ಮೆಲ್ಲಗೆ. "ಬಾ."