ಸಾಯಗೊಡದ ಜೀನ್

“ಸಾಯಿ. ಲಗೂನ ಸಾಯಿ. ಇನ್ನೂ ಯಾಕ ಜೀವಾ ಹಿಡಕೊಂಡ ಕುಂತಿ?”

ಹುಳಗಳ ಟ್ರೇ ಹಿಡಿದು ಬಾಗಿಲಿಗೆ ಬಂದ ಈಶ್ವರ ಅಲ್ಲೇ ನಿಂತುಬಿಟ್ಟ. ಅರಭಾವಿ ಹತ್ತಿರದ ಆ ಸಣ್ಣ ಕೀಟ ಪ್ರಯೋಗಾಲಯದಲ್ಲಿ ಅದು ಅವನ ಮೊದಲ ದಿನ. ಒಳಗೆ ಒಬ್ಬಳೇ ಹುಡುಗಿ, ಬೆನ್ನು ಇವನ ಕಡೆಗೆ.

“ನಾ ಇನ್ನಾ ಒಳಗ ಕಾಲ ಇಟ್ಟಿಲ್ಲರಿ,” ಅಂದ. “ಇಷ್ಟ ಲಗೂ ಸಾಯಿ ಅಂದ್ರ ಹೆಂಗ?”

ಅವಳು ತಿರುಗಿದಳು. ಮೈಕ್ರೋಸ್ಕೋಪಿಗೆ ಒತ್ತಿ ಒತ್ತಿ ಕಣ್ಣಿನ ಸುತ್ತ ದುಂಡನೆಯ ಗುರುತು ಮೂಡಿತ್ತು. ಮೊದಲು ಗಾಬರಿ, ಆಮೇಲೆ ತುಟಿಯ ಒಂದು ತುದಿಯಲ್ಲಷ್ಟೇ ನಗು.

“ನಿಮಗಲ್ಲರಿ, ಇವಕ್ಕ. ಬಂದ ನೋಡ್ರಿ. ಮೊದಲ ಆ ಟ್ರೇ ಹೊರಗಿಡ್ರಿ. ಅದರ ಹೊಲಸು ನನ್ನ ಫ್ಲಾಸ್ಕಿಗೆ ಹತ್ತಿದರ ನಿಮಗೂ ಸಾಯಿ ಅಂತೇನಿ.”

ಅವಳು ಹುಕ್ಕೇರಿಯ ಬಟ್ಟೆ ವ್ಯಾಪಾರಿ ನೇಮಿನಾಥರ ಹಿರಿಯ ಮಗಳು ಶುಭಾಂಗಿ. ಕಡಲೆ ಬೆಳೆಯ ಕಾಯಿ ಕೊರೆಯುವ ಹುಳವನ್ನು ವಿಷವಿಲ್ಲದೆ, ವೈರಸ್ಸಿನಿಂದಲೇ ಕೊಲ್ಲುವ ಔಷಧ ತಯಾರಿಸುವುದು ಆ ಲ್ಯಾಬಿನ ಕೆಲಸ. ಮೂಡಲಗಿ ಕಡೆಯ ಹೊಲಗಳಿಂದ ಹುಳ ತರುವುದು, ಅವಕ್ಕೆ ವೈರಸ್ ತಿನ್ನಿಸುವುದು, ಸತ್ತಮೇಲೆ ಅರೆದು ಸೋಸುವುದು ಘೋಡಗೇರಿಯ ಈಶ್ವರನ ಪಾಲಿಗೆ. ಜೈನರ ಮನೆಯ ಮಗಳು ಹುಳ ಕೊಲ್ಲುವಂತಿರಲಿಲ್ಲ. ಗಾಜಿನ ಫ್ಲಾಸ್ಕಿನಲ್ಲಿ ಬೆಳೆಸಿದ ಪತಂಗದ ಜೀವಕೋಶಗಳಲ್ಲಿ ಅಂಥದೇ ವೈರಸ್ ಏನು ಮಾಡುತ್ತದೆ ಎಂದು ಅವಳು ನೋಡುತ್ತಿದ್ದಳು.

ಈಶ್ವರ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ದುಂಡಗಿನ ಕೋಶಗಳು. ಕೆಲವು ಮೈಯೆಲ್ಲ ಗುಳ್ಳೆ ಎದ್ದು ಚೂರುಚೂರಾಗುತ್ತಿದ್ದವು.

“ವೈರಸ್ ಹೊಕ್ಕದ್ದ ಗೊತ್ತಾತಂದ್ರ ಕೋಶ ತಾನ ಸಾಯತೈತ್ರಿ,” ಅಂದಳು ಪಕ್ಕದಲ್ಲೇ ಬಾಗಿ. “ಒಳಗ ವೈರಸ್ ಬೆಳಿಯೂದಕ್ಕಿಂತ ಮೊದಲ. ತಾ ಸತ್ತು ಬಾಜೂದವನ್ನ ಉಳಸತೈತಿ.”

“ಭಾಳ ಶಾಣ್ಯಾ ಐತಿ.”

“ವೈರಸ್ ಅದಕ್ಕಿಂತ ಶಾಣ್ಯಾ. ಒಳಗ ಬಂದ ಕೂಡಲೆ ಒಂದ ಜೀನ್ ಎಬ್ಬಸತೈತಿ. ಅದರದು ಒಂದ ಕೆಲಸ, ಕೋಶಕ್ಕ ಸಾಯಗೊಡಂಗಿಲ್ಲ. ಬದಕಸತೈತಿ, ತನಗಾಗಿ ದುಡಸತೈತಿ.”

“ಆಮ್ಯಾಲ?”

“ಆಮ್ಯಾಲ ಕೋಶದ ತುಂಬ ಬರೇ ವೈರಸ್. ಕಡೀಕ ಒಡದ ಹೋಗತೈತಿ. ಈ ಫ್ಲಾಸ್ಕಿನ ವೈರಸ್ಸಿಗೆ ಆ ಜೀನ್ ಇಲ್ಲ. ಅದಕ್ಕ ಲಗೂ ಸಾಯಲಿ ಅನ್ನಾಕತ್ತಿದ್ನಿ.”

ಅವನು ಕಣ್ಣು ತೆಗೆದಾಗ ಅವಳ ಮುಖ ತೀರ ಹತ್ತಿರವಿತ್ತು. ಇಬ್ಬರೂ ಒಮ್ಮೆಲೇ ಹಿಂದೆ ಸರಿದರು.

ಸೂರ್ಯ ಮುಳುಗುವ ಮುಂಚೆ ಅವಳು ಉಣ್ಣಬೇಕು. ಕೆಲಸದಲ್ಲಿ ಮುಳುಗಿದರೆ ಮರೆಯುತ್ತಿದ್ದಳು, ಮರೆತ ದಿನ ಉಪವಾಸವೇ. ಚಳಿಗಾಲದ ಸಂಜೆಗಳು ಬೇಗ ಮುಗಿಯುತ್ತಿದ್ದವು. ಈಶ್ವರ ಕಿಟಕಿಯಲ್ಲಿ ಬಿಸಿಲು ನೋಡುತ್ತ ಕೂಗುತ್ತಿದ್ದ.

“ಏನ್ರಿ ಬಾಯಾರ, ಹೊತ್ತ ಗುಡ್ಡದ ಮ್ಯಾಲ ಬಂತು. ಬುತ್ತಿ ಬಿಚ್ಚರಿ.”

ಅವನ ಬುತ್ತಿಯಲ್ಲಿ ಬಳ್ಳೊಳ್ಳಿ, ಉಳ್ಳಾಗಡ್ಡಿ ಕಾಣೆಯಾದವು. ಅವಳು ಅದನ್ನು ನೋಡಿಯೂ ನೋಡದ ಹಾಗೆ ಅವನ ರೊಟ್ಟಿಯ ತುಂಡು ಮುರಿದುಕೊಂಡಳು.

“ನಿಮ್ಮವ್ವ ಏನೂ ಅನ್ನಲಿಲ್ಲೇನ್ರಿ?”

“ನಮ್ಮವ್ವ ಅಕ್ಕವ್ವನ ಮಗಾ ಸ್ವಾಮಿ ಆಗಾಕತ್ತಾನಂತ ಓಣ್ಯಾಗ ಸುದ್ದಿ ಆಗೇತಿ.”

ಅವಳು ನಕ್ಕಾಗ ಗಂಟಲಲ್ಲಿ ರೊಟ್ಟಿ ಸಿಕ್ಕಿತು. ಅವನು ನೀರು ಕೊಟ್ಟ. ಲೋಟ ಹಿಡಿದ ಬೆರಳು ಬೇಕಿದ್ದಕ್ಕಿಂತ ಒಂದು ಗಳಿಗೆ ಹೆಚ್ಚು ತಡೆದವು. ಆಮೇಲೆ ಬಾಯಿ ಬಿಟ್ಟು ಹೇಳುವುದು ಏನೂ ಉಳಿದಿರಲಿಲ್ಲ. ಆದರೂ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದಾಗ, ಗದ್ದಲದ ನಡುವೆ, ಅವನು ಹೇಳಿದ. ಅವಳು ತಲೆ ತಗ್ಗಿಸಿ, “ಅಪ್ಪಾಗ ನಾನ ಹೇಳತೇನಿ,” ಅಂದಳು. ಅವನಿಗೆ ಅದೇ ಒಪ್ಪಿಗೆ.

ಹೇಳುವುದು ಮಾತ್ರ ಮುಂದೆ ಮುಂದೆ ಹೋಯಿತು. ಅಂಗಡಿಯ ಸೀಜನ್ ಮುಗಿಯಲಿ. ಅಜ್ಜಿ ಆಸ್ಪತ್ರೆಯಿಂದ ಬರಲಿ. ಅಷ್ಟರಲ್ಲಿ ತಂಗಿ ಭಕ್ತಿಗೆ ನಿಪ್ಪಾಣಿ ಕಡೆಯಿಂದ ಗಂಡು ಬಂತು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು.

“ಅಕ್ಕ ಲಿಂಗಾಯತರ ಮನಿಗೆ ಹೋದ್ಲು ಅಂದ್ರ ಅವರು ಮುರದ ಬಿಡತಾರ,” ಅಂದಳು ಶುಭಾಂಗಿ.

“ಹಂಗಾರ ಇಲ್ಲಾ ಅಂದ ಬಿಡ್ರಿ ಒಮ್ಮೆ.” ಈಶ್ವರನ ದನಿ ಒರಟಾಯಿತು. “ನಿಮ್ಮ ‘ಆಮ್ಯಾಲ ಹೇಳೂಣು’ ಅನ್ನೂದು ಆ ಜೀನ್ ಇದ್ದಂಗ ಐತಿ. ಬದಕಾಕೂ ಬಿಡವಲ್ದು, ಸಾಯಾಕೂ ಬಿಡವಲ್ದು. ಒಳಗ ಮಾತ್ರ ಎಲ್ಲಾ ತಿಂದ ಹಾಕಾಕತ್ತೈತಿ.”

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದಳು. ಅದು ಯಾವಾಗಲೋ ಬಿಗಿಯಾಗಿತ್ತು.

“ಕೋಶ ಮೊದಲ ಸತ್ತರ ಬಾಜೂದು ಉಳೀತೈತಿ, ಈಶ್ವರ. ನನ್ನ ಬಾಜೂ ಭಕ್ತಿ ಅದಾಳ.”

“ಮತ್ತ ನಾ ಎಲ್ಲಿ ಅದೇನಿ?”

ಅವಳು ಫ್ಲಾಸ್ಕ್ ಕೆಳಗಿಟ್ಟು ಬಸ್ಸಿಗೆ ಹೊರಟುಬಿಟ್ಟಳು. ಆದರೆ ಮರುದಿನ ಅವಳೇ ದಾರಿ ಹುಡುಕಿಕೊಂಡು ಬಂದಳು. ಕಣ್ಣು ಹೊಳೆಯುತ್ತಿದ್ದವು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿ ಬರುತ್ತದೆ. ಅವತ್ತು ಜೈನರು ಮನೆಮನೆಗೆ ಹೋಗಿ, ವರ್ಷವಿಡೀ ಮಾಡಿದ ತಪ್ಪಿಗೆ ಕೈಮುಗಿದು ಕ್ಷಮೆ ಕೇಳುತ್ತಾರೆ. ಹಿರಿಯರು ಕಿರಿಯರನ್ನೂ ಕೇಳುತ್ತಾರೆ. ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿಯಿಲ್ಲ.

“ಅವತ್ತ ಅಪ್ಪ ಯಾರ ಮ್ಯಾಲೂ ಸಿಟ್ಟ ಆಗಂಗಿಲ್ಲ,” ಅಂದಳು. “ಹಿಂದಿನ ದಿನ ನಾ ಎಲ್ಲಾ ಹೇಳತೇನಿ. ಅವತ್ತ ನೀವು ಮನಿಗೆ ಬರ್ರಿ. ಇಬ್ಬರೂ ಕೂಡೇ ಕ್ಷಮಾ ಕೇಳೂಣು. ಇಲ್ಲಾ ಅನ್ನಾಕ ಆಗಂಗಿಲ್ಲ ಅವರಿಗೆ.”

ಈಶ್ವರ ಹೊಸ ಬಿಳಿ ಅಂಗಿ ತೊಟ್ಟು ಹುಕ್ಕೇರಿಗೆ ಹೋದ.

ಮನೆ ತುಂಬ ಜನ. ಬಂದವರೆಲ್ಲ ಕೈಮುಗಿಯುವವರು, ತಬ್ಬುವವರು. ಒಳಬಾಗಿಲಲ್ಲಿ ಶುಭಾಂಗಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಸಣ್ಣದಾಗಿದ್ದವು. ತಾಯಿ ಸುಂದರಾಬಾಯಿ ಅವಳ ತೋಳು ಹಿಡಿದಿದ್ದರು.

ಈಶ್ವರ ಹೊಸ್ತಿಲು ದಾಟಿದ. ಅವನು ಕೈ ಜೋಡಿಸುವ ಮೊದಲೇ ನೇಮಿನಾಥರು ಎದ್ದು ಬಂದರು. ಉಪವಾಸದಿಂದ ಸೊರಗಿದ ಮುಖ. ಎರಡೂ ಕೈ ಎದೆಯ ಹತ್ತಿರ ತಂದು, ಮಗನ ವಯಸ್ಸಿನ ಹುಡುಗನ ಮುಂದೆ ತಲೆ ಬಾಗಿಸಿದರು.

“ಮಗಳು ಎಲ್ಲಾ ಹೇಳ್ಯಾಳ್ರಿ. ನೀವು ಚಲೋ ಹುಡುಗ ಅದೀರಿ, ನಿಮ್ಮದೇನೂ ತಪ್ಪಿಲ್ಲ. ಆದರ ಆಕೀನ್ನ ನಿಮಗ ಕೊಡಾಕ ನನ್ನ ಕೈಲೆ ಆಗಂಗಿಲ್ಲ. ಸಣ್ಣಾಕೀದು ಮುರದ ಬೀಳತೈತಿ. ಅದಕ್ಕ ನಾನ ಕ್ಷಮಾ ಕೇಳಾಕತ್ತೇನ್ರಿ. ಕ್ಷಮಾ ಮಾಡ್ರಿ.”

ಬಂದವರೆಲ್ಲ ಇತ್ತ ತಿರುಗಿದರು.

ಬೈದಿದ್ದರೆ ಈಶ್ವರ ಎದುರು ನಿಲ್ಲುತ್ತಿದ್ದ. ಹೊಡೆದಿದ್ದರೂ ನಿಲ್ಲುತ್ತಿದ್ದ. ಬಾಗಿದ ಆ ಬಿಳಿ ತಲೆಗೆ ಏನು ಹೇಳಬೇಕು? ಅವನು ಶುಭಾಂಗಿಯನ್ನು ನೋಡಿದ. ಒಂದು ಮಾತು ಸಾಕು, ಒಂದು ಹೆಜ್ಜೆ ಸಾಕು. ಅವಳು ತಂಗಿಯನ್ನು ನೋಡುತ್ತಿದ್ದಳು. ಮೂಲೆಯಲ್ಲಿ ಭಕ್ತಿ ಸೆರಗು ಬಾಯಿಗೆ ಒತ್ತಿ ಬಿಕ್ಕುತ್ತಿದ್ದಳು.

ಶುಭಾಂಗಿ ಹೆಜ್ಜೆ ಇಡಲಿಲ್ಲ.

“ಕ್ಷಮಾ ಆತರಿ, ಕಾಕಾ,” ಅಂದ ಈಶ್ವರ. ತನ್ನ ದನಿ ಯಾರದೋ ಅನಿಸಿತು.

ನೇಮಿನಾಥರು ಅವನನ್ನು ತಬ್ಬಿಕೊಂಡರು. ಯಾರೋ ಅವನ ಕೈಗೆ ಪೇಡೆ ಇಟ್ಟರು. ಅವನು ಅದನ್ನು ಹಿಡಿದೇ ಹೊರಗೆ ಬಂದ.

ಓಣಿಯ ತಿರುವಿನಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ. ಶುಭಾಂಗಿ. ಚಪ್ಪಲಿಯಿಲ್ಲ, ತಲೆ ಕೆದರಿತ್ತು.

“ಅಪ್ಪಾಗ ಕ್ಷಮಾ ಮಾಡಿದ್ಯಲ್ಲಾ,” ಅಂದಳು. ಅವನಿಗೆ ಅವಳು ‘ನೀನು’ ಎಂದದ್ದು ಅದೇ ಮೊದಲು. “ನನಗೂ ಮಾಡು.” ಕೈಮುಗಿದಳು.

ಈಶ್ವರ ಆ ಜೋಡಿಸಿದ ಕೈಗಳನ್ನು ನೋಡಿದ.

“ನಿನಗ ಮಾಡಂಗಿಲ್ಲ,” ಅಂದ.

“ಇವತ್ತ ಇಲ್ಲಾ ಅನಬಾರದು.”

“ಅದು ನಿಮ್ಮ ಮಂದೀಗೆ. ನಾ ಇಲ್ಲಾ ಅಂತೇನಿ. ಮಾಡಿದರ ಇಲ್ಲೀಗೆ ಮುಗದ ಹೋಗತೈತಿ. ನಿಮ್ಮಪ್ಪಂದು ಮುಗಿಸಿ ಬಂದೇನಿ. ನಮ್ಮದು ಮುಗಸಂಗಿಲ್ಲ.”

ಅವಳು ಕೈ ಇಳಿಸಲಿಲ್ಲ. ಅಳುವ ಮುಖದಲ್ಲಿ ತುಟಿಯ ಒಂದು ತುದಿ ನಗುವಿಗೆ ಸೊಟ್ಟಗಾಯಿತು.

“ಮುಂದಿನ ವರ್ಷ ಮತ್ತ ಕೇಳತೇನಿ.”

“ಕೇಳು. ಎಲ್ಲೆ ಇದ್ದರೂ ಕೇಳು.”

“ಆವಾಗರ ಮಾಡತೀಯೇನು?”

“ಇಲ್ಲ.”

“ಖರೆ?”

“ಖರೆ.”

ಅವಳು ಕೈ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹೆಂಗಸರಿಬ್ಬರು ಎದುರಿನ ಮನೆಯಿಂದ ಇಳಿದು ಬರುತ್ತಿದ್ದರು. ಶುಭಾಂಗಿ ಅವರ ಕಡೆ ತಿರುಗಿ ನಕ್ಕಳು, ಅವರಿಗೂ ಕೈಮುಗಿದಳು. ಅವರು ಕೂಡಲೇ ಕ್ಷಮಿಸಿದರು.