ಹೆಸರು ಹೇಳದ ಚಿಗುಸಾ

ಬಹಳ ಬಹಳ ಹಿಂದೆ, ಜಪಾನ್ ದೇಶದ ಹಿಮದ ಸೀಮೆಯಲ್ಲಿ ಮಿಸೋರೆ ಎಂಬ ಪುಟ್ಟ ರಾಜ್ಯವಿತ್ತು. ಅಲ್ಲಿನ ಯೋಧರು ಸಮುರಾಯಿಗಳು. ಅವರಿಗೊಂದು ಕಟ್ಟಳೆಯಿತ್ತು. ಕತ್ತಿ ಎತ್ತುವ ಮೊದಲು ತಮ್ಮ ಹೆಸರನ್ನೂ ಕುಲವನ್ನೂ ಗಟ್ಟಿಯಾಗಿ ಕೂಗಬೇಕು. ಕೂಗದೆ ಹೊಡೆದವನು ಕಳ್ಳನಿಗೆ ಸಮ.

ಒಂದು ಬೆಳಗ್ಗೆ ಕರಿ ನಿಲುವಂಗಿಯ ಮಾಂತ್ರಿಕನೊಬ್ಬ ಕೋಟೆಯ ಮುಂದಿನ ಬಯಲಿಗೆ ಮಂತ್ರ ಹಾಕಿ ನಿಂತ. ಸಮುರಾಯಿಗಳು ಒಬ್ಬೊಬ್ಬರಾಗಿ ಹೊರಟರು. ಒಬ್ಬೊಬ್ಬರಾಗಿ ಹೆಸರು ಕೂಗಿದರು. ಒಬ್ಬೊಬ್ಬರಾಗಿ ಕಲ್ಲಾದರು. ಕೊನೆಗೆ ಕೋಟೆಯ ಒಡೆಯ ನೊರಿಕಾಡೊ ಕೂಡ ಕಲ್ಲಾದ.

"ಸೂರ್ಯ ಮುಳುಗಿದೊಡನೆ ಈ ಕಲ್ಲುಗಳೆಲ್ಲ ಪುಡಿ! ಕೋಟೆ ನನ್ನದು!" ಎಂದು ಮಾಂತ್ರಿಕ ನಕ್ಕ.

ಗೋಡೆಯ ಮೇಲೆ ಒಡೆಯನ ತಾಯಿ ಸುವಾ ಮತ್ತು ಹೆಂಡತಿ ಚಿಗುಸಾ ನಿಂತಿದ್ದರು.

"ನೋಡಿದೆಯಾ? ಆ ಬಯಲಲ್ಲಿ ಹೆಸರು ಕೂಗಿದವರೆಲ್ಲ ಕಲ್ಲು," ಎಂದಳು ಸುವಾ.

"ಹಾಗಾದರೆ ನಾನು ಕೂಗುವುದಿಲ್ಲ ಅತ್ತೆ. ಜನ ಕಳ್ಳಿ ಎನ್ನಲಿ, ಅವರು ಬದುಕಿ ಬಂದರೆ ಸಾಕು."

ಚಿಗುಸಾ ತನ್ನ ನಗಿನಾತ ಹಿಡಿದು ಹೊರಟಳು. ನಗಿನಾತವೆಂದರೆ ನೀಳ ಹಿಡಿಯ ಬಾಗುಕತ್ತಿ. ಆ ಕೋಟೆಯ ಹೆಂಗಸರಿಗೆ ಅದು ಸೌಟಿನಷ್ಟೇ ರೂಢಿ.

ಮೊದಲು ಮಾಂತ್ರಿಕ ಕಳಿಸಿದ ಬೆಂಕಿಗಣ್ಣಿನ ತೋಳ ಅಡ್ಡ ಬಂತು. "ಹೆಸರು ಹೇಳು, ಕುಲ ಹೇಳು!"

"ಮೊದಲು ಕತ್ತಿ, ಆಮೇಲೆ ಹೆಸರು!" ಎಂದು ಚಿಗುಸಾ ಬೀಸಿದಳು. ತೋಳ ಹೊಗೆಯಾಯಿತು.

ಆಮೇಲೆ ಕಬ್ಬಿಣದ ಕೊಕ್ಕಿನ ಕಾಗೆ ಆಕಾಶದಿಂದ ಎರಗಿತು. "ಹೆಸರು ಹೇಳು, ಕುಲ ಹೇಳು!"

"ಮೊದಲು ಕತ್ತಿ, ಆಮೇಲೆ ಹೆಸರು!" ಕಾಗೆ ಬೂದಿಯಾಯಿತು.

ಈಗ ಉಳಿದವನು ಮಾಂತ್ರಿಕ. ಚಿಗುಸಾ ಬೀಸಿದಳು. ಕತ್ತಿ ಅವನ ಮೈಯಲ್ಲಿ ಮಂಜಿನಲ್ಲಿ ಹಾದಂತೆ ಹಾದುಹೋಯಿತು! ಮತ್ತೆ ಬೀಸಿದಳು, ಮತ್ತೆ ಹಾಗೆಯೇ. ಸೂರ್ಯ ಬೆಟ್ಟದ ಅಂಚು ಮುಟ್ಟಿದ. ಕಲ್ಲಾದ ನೊರಿಕಾಡೊನ ಭುಜದಿಂದ ಪುಡಿ ಉದುರತೊಡಗಿತು.

"ಕುಲವಿಲ್ಲದವಳು! ಹೆಸರು ಹೇಳಲು ನಾಚಿಕೆಯೇ?" ಎಂದು ಮಾಂತ್ರಿಕ ಹಂಗಿಸಿದ.

ಚಿಗುಸಾ ಕತ್ತಿ ಇಳಿಸಿದಳು. "ಕಟ್ಟಳೆ ನಿನಗೂ ಉಂಟಲ್ಲ? ಇನ್ನೊಬ್ಬರ ಬಾಗಿಲಿಗೆ ಬಂದವನು ಮೊದಲು ಹೇಳಬೇಕು. ಬೆಳಗ್ಗೆಯಿಂದ ನಿಂತಿದ್ದೀಯೆ, ನಿನ್ನ ಹೆಸರು ಯಾರಿಗೂ ಗೊತ್ತಿಲ್ಲ!"

ಗೋಡೆಯ ಮೇಲಿಂದ ಸುವಾ ಕೂಗಿದಳು: "ಬಿಡೇ, ಪಾಪ! ಅವನ ಅಪ್ಪ ಯಾರೋ, ಅವನಿಗೇ ಮರೆತುಹೋಗಿರಬೇಕು!"

ಕೋಟೆಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಾಂತ್ರಿಕನ ಮುಖ ಕೆಂಡವಾಯಿತು.

"ನನಗೆ ಕುಲವಿಲ್ಲವೇ? ಕೇಳಿ! ಏಳು ಬೆಟ್ಟಗಳ ಒಡೆಯ ಕುರೊಗಾನೆಯ ಮಗ, ನಾನು ಕುಮೊನಾರಿ!"

ಹೇಳಿಬಿಟ್ಟ! ಅವನ ಮಂತ್ರ ಅವನನ್ನೇ ಹಿಡಿಯಿತು. ಕಾಲು ಕಲ್ಲಾಯಿತು, ಎದೆ ಕಲ್ಲಾಯಿತು, ತೆರೆದ ಬಾಯಿ ಕಲ್ಲಾಯಿತು. ಚಿಗುಸಾ ಎರಡೂ ಕೈಯಿಂದ ಬೀಸಿದಳು. ಕಲ್ಲು ಚೂರುಚೂರಾಯಿತು!

ಬಯಲ ಮಂತ್ರ ಹರಿಯಿತು. ಸಮುರಾಯಿಗಳು ಕಣ್ಣುಬಿಟ್ಟರು. ನೊರಿಕಾಡೊ ಭುಜ ಒತ್ತಿಕೊಳ್ಳುತ್ತಾ ಕೇಳಿದ: "ಇವನನ್ನು ಗೆದ್ದವರು ಯಾರು?"

ಚಿಗುಸಾ ನಗಿನಾತವನ್ನು ಆಕಾಶಕ್ಕೆತ್ತಿ, ಬೆಟ್ಟಗಳು ಮರುದನಿಗೊಡುವಂತೆ ಕೂಗಿದಳು: "ನಾನು ಚಿಗುಸಾ! ಮಿನಾಸೆಯ ಮಗಳು, ಇಸೊನೊಳ ಮೊಮ್ಮಗಳು!"

"ಅತ್ತೆಯ ಹೆಸರು ಎಲ್ಲಿ ಹೋಯಿತೇ?" ಎಂದು ಗೋಡೆಯಿಂದ ದನಿ ಬಂತು.

"ಸುವಾಳ ಸೊಸೆ!"

ಅಂದಿನಿಂದ ಮಿಸೋರೆಯ ಹೆಣ್ಣುಮಕ್ಕಳೂ ಬಯಲಿನಲ್ಲಿ ನಿಂತು ಹೆಸರು ಕೂಗಿದರು. ಕೂಗಿದವರೆಲ್ಲ ಸುಖವಾಗಿ ಮನೆಗೆ ಮರಳಿ, ಬಿಸಿ ಅನ್ನ ಉಂಡು ಬಾಳಿದರು.