ಕುಳ್ಳಿನೊಳಗಿನ ಹೀರೆಬೀಜ

ಈ ಕತೆಯನ್ನು ಮೊದಲು ಹೇಳಿದವರು ವನದುರ್ಗದ ಖುರ್ಷೀದಬೇಗಂ. ಕಳೆದ ವರ್ಷ ಯುಗಾದಿಗೆ ಮೂರು ದಿನ ಮುಂಚೆ, ಅವರ ಅಂಗಳದಲ್ಲಿ ಏಳೆಂಟು ಹೆಂಗಸರು ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಮಧ್ಯಾಹ್ನ. “ನಮ್ಮ ಬಾಜೂ ಮನೀದು, ಸುಳ್ಳಲ್ಲ” ಎಂದು ಅವರು ಆರಂಭಿಸಿದರು.

ಆ ಪಕ್ಕದ ಮನೆ ದೇವಕಮ್ಮನದು. ಆಕೆ ಪ್ರತಿವರ್ಷ ಹಿತ್ತಲಿನ ಹೀರೆಬೀಜವನ್ನು ಸಗಣಿಯಲ್ಲಿ ಕಲಸಿ, ಕುಳ್ಳು ತಟ್ಟಿ, ಹುಳು ಹತ್ತದಂತೆ ಗೋಡೆಗೆ ಬಡಿದಿಡುವಳು. ಆ ಬೀಜ ಹೊರಗಿನವರಿಗೆ ಹೋಗದು. ಸೊಸೆಯಾಗಿ ಬರಲೆಂದು ಬಯಸಿದವಳಿಗೆ ಮಾತ್ರ ಒಂದು ಕುಳ್ಳು. ಅವಳು ಬಿತ್ತಿ, ಎರಡೆಲೆ ಬಿಟ್ಟ ಸುದ್ದಿ ಕಳಿಸಿದರೆ ಒಪ್ಪಿಗೆ. ಸುಮ್ಮನಿದ್ದರೆ ಒಲ್ಲೆನೆಂದು ಅರ್ಥ. ನಡುವೆ ಹುಡುಗ ಬೀಜದ ಮಾತೆತ್ತಬಾರದು.

ದೇವಕಮ್ಮನ ಮಗ ಕಾಂತೇಶನೂ ಪರಿಮಳಾ ಎಂಬವಳೂ ಶಹಾಪುರದ ಕಾಲೇಜಿನಲ್ಲಿ ಜೊತೆಗೆ ಓದಿದವರು. ಅವಳಿಗೆ ಹಿಮಾಚಲದ ಬೆಟ್ಟದೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಯಾದಗಿರಿ ಸ್ಟೇಶನ್ನಿನಲ್ಲಿ ದೇವಕಮ್ಮನೇ ಅವಳ ಬ್ಯಾಗಿನಲ್ಲಿ ಕುಳ್ಳೊಂದನ್ನು ಇಟ್ಟಳು. ಆ ವರ್ಷ ತಾಯಿಯ ಮಣಿಕಟ್ಟು ಬಾತುಕೊಂಡಿದ್ದರಿಂದ ಕುಳ್ಳು ತಟ್ಟಿದವನು ಕಾಂತೇಶ.

ವರ್ಷ ಕಳೆಯಿತು. ಫೋನಿನಲ್ಲಿ ಹಿಮದ ಮಾತು, ಪೇಶಂಟುಗಳ ಮಾತು, ನಗೆ, ಮುನಿಸು ಎಲ್ಲ ಇತ್ತು. ಎಲೆಯ ಸುದ್ದಿ ಮಾತ್ರ ಇರಲಿಲ್ಲ. ದೇವಕಮ್ಮ ಕೊನೆಗೆ ಕೆಂಭಾವಿಯ ಹೆಣ್ಣಿನ ಕಡೆಯವರಿಗೆ ಮನೆ ನೋಡಲು ಬರಹೇಳಿದಳು. ಅದಕ್ಕೆ ಹನ್ನೊಂದು ದಿನ ಉಳಿದಿತ್ತು.

ಆ ಸಂಜೆ ಕಾಂತೇಶ ಕಟ್ಟಳೆ ಮುರಿದ.

“ಏನ್ ನರ್ಸಮ್ಮ, ಬೀಜ ಏನಾತು?”

ವಿಡಿಯೋದಲ್ಲಿ ಅವಳ ಕಣ್ಣು ಕೆಳಗಿಳಿಯಿತು. “ಟ್ರಂಕಿನ್ಯಾಗ ಅದ.”

“ಬಿತ್ತಿಲ್ಲೇನು?”

“ಇಲ್ಲ.”

ಅವನು ಫೋನ್ ಕಟ್ ಮಾಡಿದ. ಅವಳು ಎರಡು ಸಲ ಕರೆ ಮಾಡಿದರೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದಾಗ ಪರದೆಯ ತುಂಬ ಆ ಕುಳ್ಳು. ಅದರ ಮೇಲೆ ಐದು ಬೆರಳ ಗುರುತು.

“ನೋಡು. ನಿನ್ನ ಕೈ ಇದು. ಒಡದ್ರ ನನ್ನ ಹತ್ರ ಏನ್ ಉಳೀತದ? ಮ್ಯಾಲೆ ಇಲ್ಲಿ ಆಲೂಗಡ್ಡಿ, ಗೋಬಿ ಬಿಟ್ರ ಏನೂ ಬರಂಗಿಲ್ಲ. ಬಿತ್ತಿ ಸತ್ತು ಹೋದ್ರ? ಅದಕ್ಕ ಅಂಜಿದೆ.”

ಕಾಂತೇಶನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. “ಮಳ್ಳಿ, ಕೈ ನನ್ನ ಹತ್ರನ ಅದ. ಅದನ್ನ ಒಡಿ ಮೊದಲ!”

ತಾಯಿ ಬಾಗಿಲಲ್ಲಿ ನಿಂತು ಕೇಳಿದ್ದಳು. “ಮಾತಿನ್ಯಾಗ ಎಲಿ ಮೂಡಂಗಿಲ್ಲಪಾ. ಕೆಂಭಾವಿಯವರಿಗೆ ನಾಲಗಿ ಕೊಟ್ಟೀನಿ. ಅವರು ಬರೂದ್ರೊಳಗ ಎರಡೆಲಿ ಕಾಣಬೇಕು.”

ಬೆಟ್ಟದ ಮೇಲೆ ನೆಲ ಕಲ್ಲಾಗಿತ್ತು. ಪರಿಮಳಾ ಕಬ್ಬಿಣದ ಸಲಾಕೆಯಿಂದ ಹೆಪ್ಪುಗಟ್ಟಿದ ಮಣ್ಣನ್ನು ಒಡೆದು ತಂದು, ಒಲೆಯ ಪಕ್ಕ ಕರಗಿಸಿ, ಬಿಸ್ಕತ್ತಿನ ಡಬ್ಬಿಗೆ ತುಂಬಿದಳು. ಕುಳ್ಳು ಮುರಿಯುವಾಗ ಕಣ್ಣು ಮುಚ್ಚಿಕೊಂಡಳಂತೆ. ಒಳಗೆ ಐದು ಬೀಜ.

ಮೂರನೆಯ ದಿನ ಏನಿಲ್ಲ. ಆರನೆಯ ದಿನವೂ ಇಲ್ಲ. ತಡೆಯಲಾರದೆ ಒಂದನ್ನು ಕೆದಕಿ ನೋಡಿದಳು; ಕೊಳೆತಿತ್ತು.

“ನೀರ್ ಭಾಳ ಹಾಕೀದಿ. ಬೆಚ್ಚಗ ಇಡು,” ಎಂದ ಕಾಂತೇಶ.

“ಡ್ಯೂಟಿಗೆ ಹೋದ್ರ ಒಲಿ ಆರ್ತದ.”

“ಹಂಗಾದ್ರ ಡಬ್ಬಿನ ನಿನ್ನ ಜೋಡಿ ಕರಕೊಂಡು ಹೋಗು.”

“ಏನಂತ ಹೇಳ್ಲಿ ಡಾಕ್ಟರಿಗೆ?”

“ಹುಡುಗನ ಮನಿಯವರು ಅಂತ ಹೇಳು.”

ಅವಳು ಕೆಂಪಾದಳು, ಚಳಿಗೋ ಮತ್ತೇತಕ್ಕೋ. ಅಂದಿನಿಂದ ಡಬ್ಬಿ ಶಾಲಿನೊಳಗೆ ವಾರ್ಡಿಗೆ ಹೋಗಿ, ಹೀಟರಿನ ಬಳಿ ಕೂತು, ಅವಳೊಂದಿಗೇ ಮರಳುತ್ತಿತ್ತು. ಒಂಬತ್ತನೆಯ ದಿನ ಮಣ್ಣು ಬಿರಿದು, ಬಾಗಿದ ಬಿಳಿಯ ಕುತ್ತಿಗೆಯೊಂದು ಕಂಡಿತು. ಕಾಂತೇಶ ಆ ಫೋಟೋವನ್ನು ಹೊಲದ ಬದುವಿನಲ್ಲಿ ನಿಂತು ಇಪ್ಪತ್ತು ಸಲ ನೋಡಿದ. ಬೆರಳಿಂದ ಅಗಲಿಸಿ ನೋಡಿದರೂ ಎಲೆ ಮಾತ್ರ ಇರಲಿಲ್ಲ.

ಹನ್ನೊಂದನೆಯ ದಿನ ಕೆಂಭಾವಿಯವರು ಬಂದು ಜಮಖಾನದ ಮೇಲೆ ಕೂತರು. ಚಹಾ ಬಂತು. ಕಾಂತೇಶ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಫೋನ್ ಬಡಿದುಕೊಂಡಾಗ ಅವನು ಎದ್ದು, ಎಲ್ಲರೆದುರಿಗೇ ಅದನ್ನು ತಾಯಿಯ ಮುಖಕ್ಕೆ ಹಿಡಿದ.

ವಿಡಿಯೋದಲ್ಲಿ ಮೊಳಕೆ ನೆಟ್ಟಗೆ ನಿಂತಿತ್ತು. ಎರಡೂ ಎಲೆಗಳು ಮಾತ್ರ ಕಪ್ಪು ಸಿಪ್ಪೆಯೊಳಗೆ ಸಿಕ್ಕಿ, ಟೋಪಿ ಹಾಕಿದಂತೆ ಜೋಡಿಯಾಗಿ ಮುಚ್ಚಿದ್ದವು.

“ಎಲಿ ಎಲ್ಲಿ?” ಎಂದಳು ದೇವಕಮ್ಮ, ಫೋನನ್ನು ತನ್ನ ಕೈಗೆ ತೆಗೆದುಕೊಂಡು.

“ಒಳಗ ಅದಾವ್ರಿ, ಅತ್ತಿ. ತಡೀರಿ, ಈಗ ತೋರಸ್ತೀನಿ.” ಪರಿಮಳಾಳ ಉಗುರು ಸಿಪ್ಪೆಯ ಅಂಚಿಗೆ ಹೋಯಿತು.

“ಏ! ಕೈ ಹಚ್ಚಬ್ಯಾಡ!” ದೇವಕಮ್ಮ ಚೀರಿದಳು. ಜಮಖಾನದ ಮೇಲಿದ್ದವರ ಚಹಾದ ಕಪ್ಪು-ಬಸಿಗಳು ಸದ್ದು ಮಾಡಿದವು. “ಹರೀತದ ಅದು! ಬೆಚ್ಚನ ನೀರಿನ್ಯಾಗ ಬಟ್ಟಿ ಅದ್ದಿ ಮ್ಯಾಲೆ ಇಡು. ತಾನ ಬಿಡ್ತದ. ಅವಸರ ಮಾಡಿ ಕೊಲ್ಲಬ್ಯಾಡ.”

ಆಮೇಲೆ ಬಂದವರ ಕಡೆ ತಿರುಗಿ, “ತಪ್ಪು ತಿಳೀಬ್ಯಾಡ್ರಿ. ನಮ್ಮ ಸೊಸಿಗೆ ಏನೂ ತಿಳಿಯಂಗಿಲ್ಲ, ಎಲ್ಲಾ ನಾನ ಹೇಳಿಕೊಡಬೇಕು” ಎಂದಳು.

ಬಂದವರಲ್ಲಿ ಹಿರಿಯ ಹುಲಗಪ್ಪ ಚಹಾ ಮುಗಿಸಿ, ಬಸಿ ಕೆಳಗಿಟ್ಟು, “ಸೊಸಿ ಅಂದ ಮ್ಯಾಲೆ ನಾವ್ಯಾಕ ಕುಂದ್ರೂದು? ಲಗ್ನಕ್ಕ ಕರೀರಿ” ಎಂದು ಎದ್ದರು. ಫೋನಿನಲ್ಲಿ ಪರಿಮಳಾ ಶಾಲಿನಿಂದ ಮುಖ ಮುಚ್ಚಿಕೊಂಡಿದ್ದಳು. ಕಾಂತೇಶ ತಾಯಿಯ ಕೈಯಿಂದ ಫೋನ್ ಕೇಳಿದ, ಅವಳು ಕೊಡಲಿಲ್ಲ. “ಮೊದಲ ಬಟ್ಟಿ ಅದ್ದಲಿ.”

ಇಷ್ಟಕ್ಕೆ ಖುರ್ಷೀದಬೇಗಂ ನಿಲ್ಲಿಸಿದರು. “ಎಲಿ ಬಿಚ್ಚಿತೇನ್ರಿ ಖಾಲಾ?” ಎಂದು ಆಮೀನಾ ಎಂಬ ಹುಡುಗಿ ಕೇಳಿದಳು.

“ಮರುದಿನ ಬಿಚ್ಚಿತು. ಆದ್ರ ಅದರ ದಾರಿ ಯಾರೂ ಕಾಯಲಿಲ್ಲ. ದೇವಕಮ್ಮ ಬಾಯಿಂದ ಸೊಸಿ ಅಂದಾಗಿತ್ತಲ್ಲ!”

ಹೆಂಗಸರು ನಕ್ಕರು. ಖಾರಕ್ಕೆ ಒಬ್ಬಳು ಸೀನಿದಳು. ಬಿಸಿಲು ಗೋಡೆಯಿಂದ ಇಳಿದಿತ್ತು. ತೊಟ್ಟುಗಳನ್ನು ಗುಡ್ಡೆ ಮಾಡಿ, ಸೆರಗು ಕೊಡವಿ, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.